ಒಂಟಿ ಕುಕ್ಷಿಯ ಹೃದಯ: ಆಸರೆಯ ಪಂಪಿಗಾಗಿ ನಡೆದ ಹುಡುಕಾಟದ ಚರಿತ್ರೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆಯನ್ನು ಬರೆದುಕೊಡುವ ಹೊಣೆಯನ್ನು ನಮ್ಮ ಹಿರಿಯ ಸಹೋದ್ಯೋಗಿಗಳು ಹೊತ್ತಿದ್ದಾರೆ. ಈ ನೂರು ವರ್ಷಗಳಲ್ಲಿ ಮನುಷ್ಯನ ಅರಿವು ಹೇಗೆ ಬೆಳೆಯಿತು ಎಂಬುದಕ್ಕೆ ಒಂದು ದೃಷ್ಟಾಂತವನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ. ವಿಮಾನ, ವಿದ್ಯುತ್ತು, ಗಣಕಯಂತ್ರ ಇವುಗಳ ಚರಿತ್ರೆಯನ್ನು ಮಕ್ಕಳು ಪಠ್ಯಪುಸ್ತಕದಲ್ಲಿಯೇ ಓದುತ್ತಾರೆ. ನಾವು ಆರಿಸಿಕೊಂಡ ವಿಷಯ ಪಠ್ಯಪುಸ್ತಕದಲ್ಲಿ ಇಲ್ಲ. ಆದರೆ ನಮ್ಮ ತರಗತಿಗಳಲ್ಲಿ ಇದೆ. ಹುಟ್ಟುವಾಗಲೇ ಹೃದಯದ ಎರಡು ಕುಕ್ಷಿಗಳಲ್ಲಿ ಒಂದು ಮಾತ್ರ ಕೆಲಸಕ್ಕೆ ಬರುವಂತಿರುವ ಮಕ್ಕಳನ್ನು ವೈದ್ಯಲೋಕ ಬದುಕಿಸಿದ ಬಗೆ, ಬದುಕಿಸಿದ ಮೇಲೆ ಎದುರಾದ ಹೊಸ ಸಂಕಟ, ಆ ಸಂಕಟಕ್ಕೆ ದೇಹದೊಳಗೆ ಇರಿಸುವ ಪುಟ್ಟ ಪಂಪೊಂದನ್ನು ಹುಡುಕುತ್ತಿರುವ ಪ್ರಯತ್ನ, ಇವೇ ಈ ಲೇಖನದ ವಸ್ತು.

ನಮ್ಮ ಶಾಲೆ ಕಣ್ಣು ತೆರೆದ ಕಾಲದಲ್ಲಿ ರಾಯದುರ್ಗ ತಾಲ್ಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳೊಂದಿಗೆ ರಾಯದುರ್ಗವೂ ಆಂಧ್ರಕ್ಕೆ ಸೇರಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ 1920ರ ದಶಕದಲ್ಲಿ ಹೃದಯಕ್ಕೆ ಕತ್ತಿ ತಾಗಿಸುವುದೆಂದರೆ ವೈದ್ಯಧರ್ಮಕ್ಕೇ ವಿರುದ್ಧವಾದುದೆಂಬ ಭಾವನೆಯಿತ್ತು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ತರುಣಿಯೊಬ್ಬಳ ಹೃತ್ಕರ್ಣದೊಳಗೆ ಬೆರಳು ತೂರಿಸಿ, ಕಿರಿದಾಗಿದ್ದ ಕವಾಟವನ್ನು ಅಗಲಿಸಿದರು. ಆಕೆ ಬದುಕಿದಳು. ಆದರೂ ಅಂಥ ಚಿಕಿತ್ಸೆಗೆಂದು ಇನ್ನೊಬ್ಬ ರೋಗಿಯನ್ನು ಅವರ ಬಳಿಗೆ ಯಾವ ವೈದ್ಯರೂ ಕಳುಹಿಸಲಿಲ್ಲ. ಹೀಗೆ ನಮ್ಮ ಶಾಲೆಯ ವಯಸ್ಸೂ ಹೃದಯ ಶಸ್ತ್ರಚಿಕಿತ್ಸೆಯ ವಯಸ್ಸೂ ಹೆಚ್ಚುಕಡಿಮೆ ಒಂದೇ.

ವಿಷಯಕ್ಕೆ ಹೋಗುವ ಮುನ್ನ ಹೃದಯದ ಕೆಲಸವನ್ನು ನಮ್ಮ ನೆಲದ ಮಾತಿನಲ್ಲಿ ಹೇಳಿಕೊಳ್ಳುವುದು ಒಳ್ಳೆಯದು. ಈ ಭಾಗದ ಅಜ್ಜಂದಿರು ಬಾವಿಯ ಮೇಲೆ ಕಪಿಲೆ ಹೊಡೆಯುತ್ತಿದ್ದುದನ್ನು ನೋಡಿದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೂ ಇದ್ದಾರೆ. ಜೋಡೆತ್ತುಗಳು ಒಂದೇ ನೊಗಕ್ಕೆ ಹೆಗಲು ಕೊಟ್ಟು ಇಳಿಜಾರಿನಲ್ಲಿ ಇಳಿದರೆ ನೀರು ಮೇಲೇರುತ್ತಿತ್ತು. ಹೃದಯವೂ ಅಂಥ ಜೋಡೆತ್ತಿನ ಕಪಿಲೆಯೇ. ವ್ಯತ್ಯಾಸವೆಂದರೆ ಇಲ್ಲಿ ಎರಡೂ ಎತ್ತುಗಳಿಗೆ ಬೇರೆ ಬೇರೆ ಬಾವಿ. ಬಲ ಹೃತ್ಕುಕ್ಷಿ ದೇಹದಿಂದ ಮರಳಿದ ಮಲಿನ ರಕ್ತವನ್ನು ಪಕ್ಕದಲ್ಲಿಯೇ ಇರುವ ಶ್ವಾಸಕೋಶಗಳಿಗೆ ತಳ್ಳುತ್ತದೆ. ಅದಕ್ಕೆ ಪಾದರಸದ ಅಳತೆಯಲ್ಲಿ ಸುಮಾರು 25 ಮಿಲಿಮೀಟರಿನಷ್ಟು ಒತ್ತಡ ಸಾಕು. ಎಡ ಹೃತ್ಕುಕ್ಷಿ ಶುದ್ಧ ರಕ್ತವನ್ನು ಅಂಗಾಲಿನಿಂದ ನೆತ್ತಿಯವರೆಗೆ ತಲುಪಿಸಬೇಕು. ಅದಕ್ಕೆ ಸುಮಾರು 120 ಮಿಲಿಮೀಟರ್ ಬೇಕು. ಎರಡೂ ಒಂದೇ ಮಿಡಿತದಲ್ಲಿ, ಒಂದೇ ಪ್ರಮಾಣದ ರಕ್ತವನ್ನು ಸಾಗಿಸುತ್ತವೆ. ಈ ಪರಿಚಲನೆಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದರು.

ಸಾವಿರ ಮಕ್ಕಳು ಹುಟ್ಟಿದರೆ ಎಂಟು ಒಂಬತ್ತು ಮಕ್ಕಳ ಹೃದಯದಲ್ಲಿ ಏನಾದರೊಂದು ಕೊರತೆ ಇರುತ್ತದೆ. ಬಹುಪಾಲು ಸಣ್ಣ ರಂಧ್ರಗಳು. ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಕೆಲವೇ ಮಕ್ಕಳಲ್ಲಿ ಒಂದು ಕವಾಟವೇ ಮೂಡಿರುವುದಿಲ್ಲ, ಅಥವಾ ಒಂದು ಕುಕ್ಷಿ ಬೆಳೆಯದೆ ಕಡಲೆಕಾಯಿಯ ಜೊಳ್ಳಿನಂತೆ ಉಳಿದಿರುತ್ತದೆ. ಅಲ್ಲಿ ಉಳಿದ ಒಂದೇ ಕುಕ್ಷಿ ಶುದ್ಧ ರಕ್ತ, ಮಲಿನ ರಕ್ತ ಎರಡನ್ನೂ ಬೆರೆಸಿ ಎರಡೂ ಕಡೆಗೆ ತಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಹಿಂದೆ ಇಂಥ ಶಿಶುಗಳಲ್ಲಿ ಹೆಚ್ಚಿನವು ಮೊದಲ ವರ್ಷವನ್ನೇ ದಾಟುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅದನ್ನು ಗಾಳಿ ಸೋಂಕೆಂದೋ ಬಾಲಗ್ರಹವೆಂದೋ ತಿಳಿದು ತಾಯತ ಕಟ್ಟಿಸಿ ಕಣ್ಣೀರು ಹಾಕಿದ ತಾಯಂದಿರು ಎಷ್ಟು ಮಂದಿಯೋ.

ಮೊದಲ ಬೆಳಕು ಕಂಡದ್ದು 1944ರ ನವೆಂಬರ್ 29ರಂದು, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ನೀಲಿ ಮಕ್ಕಳಿಗೆ ಕೊರತೆಯಿರುವುದು ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ. ಹಾಗಾದರೆ ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಏಕೆ ಜೋಡಿಸಬಾರದು ಎಂದು ಕೇಳಿದವರು ಮಕ್ಕಳ ಹೃದಯತಜ್ಞೆ ಹೆಲೆನ್ ಟಾಸಿಗ್. ಅವರ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಮಕ್ಕಳ ಎದೆಬಡಿತವನ್ನು ಬೆರಳ ತುದಿಯಿಂದ ಓದುತ್ತಿದ್ದರು. ಕತ್ತಿ ಹಿಡಿದವರು ಆಲ್ಫ್ರೆಡ್ ಬ್ಲೇಲಾಕ್. ಆದರೆ ಈ ಜೋಡಣೆಯ ತಂತ್ರವನ್ನು ಪ್ರಾಣಿಗಳ ಮೇಲೆ ನೂರಾರು ಬಾರಿ ಮಾಡಿ ಪಳಗಿಸಿದವರು ವಿವಿಯನ್ ಥಾಮಸ್ ಎಂಬ ಕರಿಯ ತರುಣ. ಅವರ ಕುರಿತು ನಾವು ಎರಡು ಮಾತು ಹೆಚ್ಚಾಗಿ ಬರೆದರೆ ಓದುಗರು ಒಪ್ಪಿಕೊಳ್ಳಬೇಕು. ಬಡಗಿಯ ಮಗನಾಗಿ ಬಡಗಿ ಕೆಲಸ ಕಲಿತ ಥಾಮಸ್ ವೈದ್ಯನಾಗಬೇಕೆಂದು ಕೂಡಿಟ್ಟ ಹಣ ಆರ್ಥಿಕ ಕುಸಿತದಲ್ಲಿ ಮುಳುಗಿದ ಬ್ಯಾಂಕಿನೊಂದಿಗೆ ಹೋಯಿತು. 1930ರಲ್ಲಿ ಬ್ಲೇಲಾಕರ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದರು. ಆಸ್ಪತ್ರೆಯ ದಾಖಲೆಯಲ್ಲಿ ಅವರದು ಬಹುಕಾಲ ಕಸಗುಡಿಸುವವರ ದರ್ಜೆ. ಆದರೂ ಆ ದಿನ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಬ್ಲೇಲಾಕರ ಬೆನ್ನ ಹಿಂದೆ ಮೆಟ್ಟಿಲು ಹಾಕಿಕೊಂಡು ನಿಂತು ಹೊಲಿಗೆ ಹೇಗೆ ಬೀಳಬೇಕೆಂದು ಹೇಳಿಕೊಟ್ಟವರು ಅವರೇ. 1976ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಫೀಸು ಕಟ್ಟಲಾಗದೆ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಜೀನ್ಸ್ ಹೊಲಿಗೆಗೆ ಕುಳಿತ ನಮ್ಮ ರಾಯದುರ್ಗದ ಎಷ್ಟೋ ಕೈಗಳ ನೆನಪು ಈ ಕಥೆಯನ್ನು ಓದುವಾಗಲೆಲ್ಲ ನಮಗೆ ಬರುತ್ತದೆ.

ಇನ್ನೊಂದು ಹೆಜ್ಜೆ ಇಟ್ಟವರು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಗ್ಲೆನ್. ಇವರ ಕಥೆಯ ಆರಂಭದಲ್ಲಿ ಒಂದು ಆಟಿಕೆ ಇದೆ. 1949–50ರಲ್ಲಿ ಗ್ಲೆನ್ ಅವರ ಬಳಿ ವಿಲಿಯಂ ಸೀವೆಲ್ ಎಂಬ ವೈದ್ಯ ವಿದ್ಯಾರ್ಥಿಯಿದ್ದ. ಮಕ್ಕಳು ಲೋಹದ ಪಟ್ಟಿ, ತಿರುಪು, ಚಕ್ರಗಳನ್ನು ಜೋಡಿಸಿ ಆಡುವ ‘ಎರೆಕ್ಟರ್’ ಆಟಿಕೆಯ ಬಿಡಿಭಾಗಗಳು, ಒಂದು ಪುಟ್ಟ ಮೋಟಾರು, ಒಂದಿಷ್ಟು ರಬ್ಬರು, ಗಾಜು ಇವನ್ನೆಲ್ಲ ಕೂಡಿಸಿ ಆತ ಒಂದು ರಕ್ತದ ಪಂಪನ್ನು ತಯಾರಿಸಿದ. ತಗುಲಿದ ಖರ್ಚು ಸುಮಾರು 25 ಡಾಲರ್. ಆ ಪಂಪು ನಾಯಿಯ ಹೃದಯದ ಬಲಭಾಗವನ್ನು ಬದಿಗಿಟ್ಟು, ಅಭಿಧಮನಿಯ ರಕ್ತವನ್ನು ನೇರವಾಗಿ ಶ್ವಾಸಕೋಶದ ಅಪಧಮನಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಸಾಗಿಸಿತು. ಇಂದು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. (ಆ ಆಟಿಕೆಯನ್ನು ರೂಪಿಸಿದ ಗಿಲ್ಬರ್ಟ್ ಎಂಬವರೂ ಯೇಲಿನಲ್ಲಿ ವೈದ್ಯಪದವಿ ಪಡೆದವರೇ, ವೈದ್ಯವೃತ್ತಿ ಮಾಡದೆ ಆಟಿಕೆಯ ಕಾರ್ಖಾನೆ ತೆರೆದರು. ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು.) ಬಲಗಡೆಗೆ ಪಂಪು ಎಂಬ ಈ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು, ಅರ್ಧ ಶತಮಾನ ಕಳೆದು ಅದು ಮರಳಿ ಬರುತ್ತದೆ.

ಆಗ ಗ್ಲೆನ್ ಹಿಡಿದ ದಾರಿ ಪಂಪಿಲ್ಲದ ದಾರಿ. ತಲೆ, ತೋಳುಗಳಿಂದ ಮರಳುವ ರಕ್ತ ಮೇಲಿನ ಮಹಾ ಅಭಿಧಮನಿಯಲ್ಲಿ ಇಳಿದು ಬರುತ್ತದೆ. ಅದನ್ನು ಹೃದಯಕ್ಕೆ ಬಿಡದೆ ನೇರವಾಗಿ ಶ್ವಾಸಕೋಶದ ಅಪಧಮನಿಗೆ ಹೊಲಿದುಬಿಟ್ಟರೆ, ಯಾರೂ ತಳ್ಳದೆಯೇ ಹರಿದುಹೋಗುತ್ತದೆ ಎಂಬುದನ್ನು ಅವರು 1958ರಲ್ಲಿ ಏಳು ವರ್ಷದ ಬಾಲಕನಲ್ಲಿ ತೋರಿಸಿದರು. ರಷ್ಯದ ಮೆಶಾಲ್ಕಿನ್ ಅದಕ್ಕೂ ಮೊದಲೇ, 1956ರಲ್ಲಿ, ಇಂಥದೇ ಶಸ್ತ್ರಕ್ರಿಯೆಯ ವರದಿ ಮಾಡಿದ್ದರು. ಶೀತಲ ಸಮರದ ದಿನಗಳಲ್ಲಿ ಆ ಮಾತು ಪಶ್ಚಿಮಕ್ಕೆ ಸರಿಯಾಗಿ ಕೇಳಿಸಲಿಲ್ಲ.

ಉಳಿದದ್ದು ಹೊಟ್ಟೆ, ಕಾಲುಗಳಿಂದ ಏರಿಬರುವ ರಕ್ತ. ಇಳಿಯುವ ನೀರಿಗೆ ದಾರಿ ತೋರಿಸುವುದು ಸುಲಭ, ಏರುವ ನೀರಿಗೆ ಕಷ್ಟ ಎಂಬುದು ಕಾಲುವೆ ತೋಡಿದವರಿಗೆಲ್ಲ ಗೊತ್ತು. ಫ್ರಾನ್ಸಿನ ಬೋರ್ಡೋ ನಗರದ ಫ್ರಾನ್ಸಿಸ್ ಫೊಂಟಾನ್ ಅದನ್ನು ಕೈಗೆತ್ತಿಕೊಂಡರು. 1968 ಹೃದಯದ ಚರಿತ್ರೆಯಲ್ಲಿ ವಿಚಿತ್ರ ವರ್ಷ. ಹಿಂದಿನ ಡಿಸೆಂಬರಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಕೇಪ್‌ಟೌನಿನಲ್ಲಿ ಮೊದಲ ಹೃದಯ ಕಸಿ ಮಾಡಿದ್ದರು. ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪಿ. ಕೆ. ಸೇನ್ ಕೂಡ ಪ್ರಯತ್ನಿಸಿದರು, ರೋಗಿ ಕೆಲವು ಗಂಟೆಗಳಷ್ಟೇ ಬದುಕಿದ. ಪತ್ರಿಕೆಗಳ ಗಮನವೆಲ್ಲ ಅತ್ತ ಇದ್ದಾಗ, ಏಪ್ರಿಲ್ ತಿಂಗಳಲ್ಲಿ ಫೊಂಟಾನ್ ಹನ್ನೆರಡು ವರ್ಷದ ಬಾಲಕಿಯೊಬ್ಬಳಿಗೆ ದೇಹದ ಎಲ್ಲ ಮಲಿನ ರಕ್ತವೂ ಬಲ ಕುಕ್ಷಿಯ ನೆರವಿಲ್ಲದೆ ಶ್ವಾಸಕೋಶಕ್ಕೆ ಹೋಗುವಂತೆ ಮಾಡಿದರು. 1971ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಇದ್ದದ್ದು ಮೂವರು ರೋಗಿಗಳು. ಎರಡು ಶಸ್ತ್ರಕ್ರಿಯೆಗಳು ಸಫಲ. ಅದೇ ಹೊತ್ತಿಗೆ ಅರ್ಜೆಂಟೀನಾದ ಗಿಯೆರ್ಮೊ ಕ್ರೂಟ್ಸರ್ ಸ್ವತಂತ್ರವಾಗಿ ಅದೇ ಉಪಾಯವನ್ನು ಕಂಡುಕೊಂಡಿದ್ದರು.

ಈ ಜೋಡಣೆಯ ತಿರುಳು ಇಷ್ಟು: ಇದ್ದ ಒಂದೇ ಎತ್ತನ್ನು ದೊಡ್ಡ ಬಾವಿಗೆ, ಎಂದರೆ ಇಡೀ ದೇಹಕ್ಕೆ, ಹೂಡುವುದು. ಶ್ವಾಸಕೋಶದ ಬಾವಿಗೆ ಎತ್ತೇ ಇಲ್ಲ. ದೇಹವನ್ನು ಸುತ್ತಿ ಬಂದ ರಕ್ತದಲ್ಲಿ ಉಳಿದ ಅಲ್ಪ ಒತ್ತಡದಿಂದಲೂ, ಉಸಿರೆಳೆದಾಗ ಎದೆಯೊಳಗೆ ಉಂಟಾಗುವ ಸೆಳೆತದಿಂದಲೂ, ನಡೆಯುವಾಗ ಕಾಲಿನ ಸ್ನಾಯುಗಳು ಹಿಂಡುವುದರಿಂದಲೂ ರಕ್ತ ಶ್ವಾಸಕೋಶವನ್ನು ದಾಟಬೇಕು. ಮುಂದೆ ಮಾರ್ಕ್ ಡೆ ಲೆವಾಲ್ (1988) ಮತ್ತು ಮಾರ್ಚೆಲೆಟ್ಟಿ (1990) ಈ ಜೋಡಣೆಯನ್ನು ಇನ್ನಷ್ಟು ನುಣುಪಾಗಿಸಿದರು. ವಿಲಿಯಂ ನಾರ್‌ವುಡ್ ಎಡ ಕುಕ್ಷಿಯೇ ಬೆಳೆಯದ ಶಿಶುಗಳಿಗೂ ಈ ದಾರಿ ತೆರೆದರು. ಇಂದು ಸಾಮಾನ್ಯವಾಗಿ ಹುಟ್ಟಿದ ಹೊಸತರಲ್ಲಿ ಅಗತ್ಯವಿದ್ದರೆ ಒಂದು, ನಾಲ್ಕಾರು ತಿಂಗಳಿಗೆ ಗ್ಲೆನ್, ಎರಡರಿಂದ ಐದು ವರ್ಷದೊಳಗೆ ಫೊಂಟಾನ್, ಹೀಗೆ ಹಂತಹಂತವಾಗಿ ಮಾಡುತ್ತಾರೆ. ಲೋಕದಲ್ಲಿ ಈ ಜೋಡಣೆಯೊಂದಿಗೆ ಬದುಕುತ್ತಿರುವವರು 50,000ದಿಂದ 70,000 ಮಂದಿ ಎಂದು ಕೆಲವು ವರ್ಷಗಳ ಹಿಂದೆ ಅಂದಾಜಿಸಲಾಗಿತ್ತು.

ನಮ್ಮ ಸೀಮೆಗೆ ಈ ವಿದ್ಯೆ ಯಾವಾಗ ತಲುಪಿತು? ಬಹುಕಾಲ ಅನಂತಪುರ, ಬಳ್ಳಾರಿ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ವೇಲೂರು. ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ರೀವ್ ಬೆಟ್ಸ್ ಎಂಬ ಅಮೆರಿಕನ್ ವೈದ್ಯರು 1949ರಲ್ಲಿ ಎದೆಯ ಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದ್ದರು. ಆಮೇಲೆ ಬೆಂಗಳೂರಿನಲ್ಲಿ, ನಮ್ಮ ನೆರೆಯ ಚಿತ್ರದುರ್ಗದ ಮಠದ ಜಯದೇವ ಸ್ವಾಮಿಗಳ ಹೆಸರು ಹೊತ್ತ ಸರಕಾರಿ ಹೃದ್ರೋಗ ಸಂಸ್ಥೆ ಬೆಳೆಯಿತು. 1991ರ ನವೆಂಬರ್ 22ರಂದು ನಮ್ಮ ಜಿಲ್ಲೆಯಲ್ಲೇ, ಪುಟ್ಟಪರ್ತಿಯಲ್ಲಿ, ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಪ್ರಧಾನಿ ಪಿ. ವಿ. ನರಸಿಂಹರಾಯರು ಉದ್ಘಾಟಿಸಿದರು. ಹೃದಯದ ಶಸ್ತ್ರಚಿಕಿತ್ಸೆಗೆ ಅಲ್ಲಿ ಹಣ ಕಟ್ಟುವ ಕಿಟಕಿಯೇ ಇಲ್ಲವೆಂಬ ಸುದ್ದಿ ಕೇಳಿದಾಗ ಮಡಕಶಿರದ, ರಾಯದುರ್ಗದ ಜನ ಮೊದಲು ನಂಬಲೇ ಇಲ್ಲ. 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಅದರ ಸೋದರ ಆಸ್ಪತ್ರೆ ತೆರೆಯಿತು. ಅದೇ ಆಸುಪಾಸಿನಲ್ಲಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾ. ದೇವಿಪ್ರಸಾದ ಶೆಟ್ಟಿಯವರ ನಾರಾಯಣ ಹೃದಯಾಲಯ ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ಆರಂಭವಾಗಿ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರಾಯಿತು.

ಆಸ್ಪತ್ರೆ ಇದ್ದರೆ ಸಾಲದು, ಖರ್ಚಿಗೆ ದಾರಿ ಬೇಕು. 2007ರ ಏಪ್ರಿಲ್ 1ರಂದು ಆಂಧ್ರ ಸರಕಾರದ ಆರೋಗ್ಯಶ್ರೀ ಯೋಜನೆ ಮೂರೇ ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂತು. ಶ್ರೀಕಾಕುಳಂ, ಮಹಬೂಬ್‌ನಗರಗಳ ಜೊತೆಗೆ ಮೂರನೆಯದು ನಮ್ಮ ಅನಂತಪುರ. ಬರಗಾಲದ ಪಟ್ಟಿಯಲ್ಲಿ ಸದಾ ಮೊದಲು ನಿಲ್ಲುವ ನಮ್ಮ ಜಿಲ್ಲೆ ಒಳ್ಳೆಯ ಪಟ್ಟಿಯೊಂದರಲ್ಲಿಯೂ ಮೊದಲ ಸಾಲಿನಲ್ಲಿ ನಿಂತ ಅಪರೂಪದ ಸಂದರ್ಭವದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೇ ಬಂದು ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡತೊಡಗಿದವು.

ಇಲ್ಲಿಯವರೆಗಿನದು ಗೆಲುವಿನ ಚರಿತ್ರೆ. ಇನ್ನು ಮುಂದಿನದು ಅಷ್ಟು ಸರಳವಲ್ಲ.

ಅದನ್ನು ಮೊದಲು ಎದೆಗಾರಿಕೆಯಿಂದ ಹೇಳಿದವರಲ್ಲಿ ಫೊಂಟಾನ್ ಅವರೇ ಒಬ್ಬರು ಎಂಬುದು ನಮಗೆ ಈ ಕಥೆಯಲ್ಲೆಲ್ಲ ಅತ್ಯಂತ ದೊಡ್ಡ ಸಂಗತಿಯಾಗಿ ತೋರುತ್ತದೆ. 1990ರಲ್ಲಿ ಅವರು ಜಾನ್ ಕರ್ಕ್‌ಲಿನ್ ಮುಂತಾದವರೊಡನೆ ಸೇರಿ, ಯಾವ ದೋಷವೂ ಇಲ್ಲದ ‘ಪರಿಪೂರ್ಣ’ ಫೊಂಟಾನ್ ಶಸ್ತ್ರಕ್ರಿಯೆಯ ಫಲ ಮುಂದೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಉತ್ತರ ಹಿತವಾಗಿರಲಿಲ್ಲ. ಎಲ್ಲವೂ ಸರಿಯಾಗಿ ನಡೆದ ಮಕ್ಕಳಲ್ಲಿಯೂ ವರ್ಷಗಳು ಉರುಳಿದಂತೆ ಶಕ್ತಿ ಇಳಿಯುತ್ತಿತ್ತು, ಬದುಕುಳಿಯುವವರ ಸಂಖ್ಯೆ ಕುಗ್ಗುತ್ತಿತ್ತು. ತಮ್ಮ ಹೆಸರಿನ ಚಿಕಿತ್ಸೆ ಉಪಶಮನವೇ ಹೊರತು ಗುಣಪಡಿಸುವಂಥದಲ್ಲ ಎಂದು ಅವರು ಬರೆದರು. ತಾನು ಕಟ್ಟಿದ್ದನ್ನು ತಾನೇ ತೂಗಿ ನೋಡಿ, ತೂಕ ಕಡಿಮೆ ಎಂದು ಊರಿಗೆ ಸಾರುವವರು ಯಾವ ಕ್ಷೇತ್ರದಲ್ಲಿಯೂ ವಿರಳ.

ಕಾರಣ ಆ ಜೋಡಣೆಯಲ್ಲಿಯೇ ಇದೆ. ಆರೋಗ್ಯವಂತರ ಮಹಾ ಅಭಿಧಮನಿಯಲ್ಲಿ ಒತ್ತಡ ಪಾದರಸದ ಆರು ಮಿಲಿಮೀಟರನ್ನು ಮೀರುವುದು ಕಡಿಮೆ. ಫೊಂಟಾನ್ ಜೋಡಣೆಯಿರುವವರಲ್ಲಿ ಅದು ಹಗಲು ರಾತ್ರಿ ಹತ್ತರಿಂದ ಹದಿನೈದರಷ್ಟು ಇರಲೇಬೇಕು. ಇಲ್ಲವಾದರೆ ರಕ್ತ ಮುಂದೆ ಸಾಗದು. ಕೆರೆಯ ತೂಬು ಸಣ್ಣದಾದರೆ ಹಿನ್ನೀರು ಮೇಲಿನ ಹೊಲಗಳಿಗೆ ನುಗ್ಗುವಂತೆ, ಈ ಒತ್ತಡ ವರ್ಷಗಟ್ಟಲೆ ಯಕೃತ್ತನ್ನು ಒತ್ತಿ ನಾರುಗಟ್ಟಿಸುತ್ತದೆ. ಕೆಲವರಲ್ಲಿ ಕರುಳಿನ ಮೂಲಕ ಪ್ರೋಟೀನು ಸೋರಿಹೋಗಿ ಹೊಟ್ಟೆ, ಕಾಲು ಊದಿಕೊಳ್ಳುತ್ತವೆ. ಕೆಲವರ ಶ್ವಾಸನಾಳದಲ್ಲಿ ಮೇಣದಂಥ ಗಟ್ಟಿ ಪದಾರ್ಥ ಕಟ್ಟಿಕೊಳ್ಳುತ್ತದೆ. ರಕ್ತ ನಿಧಾನವಾಗಿ ಹರಿಯುವುದರಿಂದ ಹೆಪ್ಪುಗಟ್ಟುವ ಭಯ ಬೇರೆ. ಒಂಟಿ ಎತ್ತೂ ಕಡೆಗೆ ದಣಿಯುತ್ತದೆ.

ಹೃದಯ ಕಸಿ ಒಂದು ಪರಿಹಾರ. ನಮ್ಮ ದೇಶದಲ್ಲಿ ಮೊದಲ ಸಫಲ ಕಸಿಯನ್ನು 1994ರ ಆಗಸ್ಟ್ 3ರಂದು ದಿಲ್ಲಿಯ ಅಖಿಲ ಭಾರತ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಮಾಡಿದರು. ಆದರೆ ಹೃದಯ ದಾನ ಮಾಡುವವರು ಕಡಿಮೆ, ಕಾಯುವವರು ಹೆಚ್ಚು. ಆದ್ದರಿಂದಲೇ ದೃಷ್ಟಿ ಮತ್ತೆ ಪಂಪಿನ ಕಡೆಗೆ ಹೊರಳಿತು.

ದೇಹಕ್ಕೆ ಆಸರೆಯಾಗುವ ಪಂಪಿನ ಚರಿತ್ರೆ ಇಷ್ಟರಲ್ಲಿ ಬೇರೊಂದು ದಾರಿಯಲ್ಲಿ ಸಾಗಿ ಬಂದಿತ್ತು. 1966ರಲ್ಲಿ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಎಡ ಕುಕ್ಷಿಗೆ ನೆರವಾಗುವ ಪಂಪನ್ನು ರೋಗಿಯೊಬ್ಬರಿಗೆ ಹತ್ತು ದಿನ ಜೋಡಿಸಿ, ಆಮೇಲೆ ತೆಗೆದರು, ಅವರು ಚೇತರಿಸಿಕೊಂಡರು. 1982ರ ಡಿಸೆಂಬರಿನಲ್ಲಿ ‘ಜಾರ್ವಿಕ್–7’ ಎಂಬ ಸಂಪೂರ್ಣ ಕೃತಕ ಹೃದಯವನ್ನು ಧರಿಸಿದ ದಂತವೈದ್ಯ ಬಾರ್ನಿ ಕ್ಲಾರ್ಕ್ 112 ದಿನ ಬದುಕಿದರು. ಇವೆಲ್ಲ ಹೃದಯವನ್ನೇ ಅನುಕರಿಸಿ ಹಿಗ್ಗಿ ಕುಗ್ಗುವ, ಗಾತ್ರದಲ್ಲಿ ದೊಡ್ಡದಾದ ಯಂತ್ರಗಳು.

ತಿರುವು ಬಂದದ್ದು ಹೊಲದ ಬದುವಿನಿಂದ. 1976ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ವ್ಯಾಂಪ್ಲರ್ ಈಜಿಪ್ಟಿನ ಎಲ್ ಬಯಾದ್ ಎಂಬ ಹಳ್ಳಿಗೆ ಸೇವೆಗೆಂದು ಹೋಗಿದ್ದರು. ಅಲ್ಲಿ ರೈತರು ಕೊಳವೆಯೊಳಗಿನ ಸುರುಳಿಯನ್ನು ಕೈಯಿಂದ ತಿರುಗಿಸುತ್ತ ಕಾಲುವೆಯ ನೀರನ್ನು ಹೊಲಕ್ಕೆ ಏರಿಸುತ್ತಿದ್ದರು. ಆರ್ಕಿಮಿಡೀಸನ ತಿರುಪು ಎಂದು ಶಾಲೆಯಲ್ಲಿ ನಾವು ಕಲಿಸುವುದು ಅದನ್ನೇ. ರಕ್ತವನ್ನೂ ಹೀಗೆಯೇ, ಮಿಡಿಯದೆ, ಸತತವಾಗಿ ತಿರುಗಿಸುತ್ತ ಸಾಗಿಸಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ರಕ್ತಕಣಗಳು ನುಚ್ಚುನೂರಾಗುತ್ತವೆ ಎಂದು ತಿಳಿದವರೆಲ್ಲ ತಲೆಯಲ್ಲಾಡಿಸಿದರು. ಪೆನ್ಸಿಲಿನಷ್ಟು ದಪ್ಪದ, ನಿಮಿಷಕ್ಕೆ ಸುಮಾರು 25,000 ಸುತ್ತು ತಿರುಗುವ ‘ಹೀಮೋಪಂಪ್’ 1988ರಲ್ಲಿ ಹ್ಯೂಸ್ಟನ್ನಿನಲ್ಲಿ ಮೊದಲ ರೋಗಿಯ ದೇಹದಲ್ಲಿ ತಿರುಗಿತು. ರಕ್ತ ಅದನ್ನು ಸಹಿಸಿಕೊಂಡಿತು. ಕಪಿಲೆ ಬಿಟ್ಟು ಬೋರ್‌ವೆಲ್ಲಿಗೆ ಮುಳುಗು ಮೋಟಾರು ಇಳಿಸಿದ ನಮ್ಮ ರೈತರಿಗೆ ಈ ಬದಲಾವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆದು ಸುರಿಯುವ ಕಾಲ ಹೋಗಿ ಸುತ್ತಿ ತಳ್ಳುವ ಕಾಲ ಬಂತು.

ಅಲ್ಲಿಂದ ಮುಂದೆ ಒಳಗಿಡುವ ಪಂಪುಗಳು ಒಂದಾದ ಮೇಲೊಂದು ಬಂದವು. 2008ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ‘ಹಾರ್ಟ್‌ಮೇಟ್–2’, 2017ರಲ್ಲಿ ‘ಹಾರ್ಟ್‌ಮೇಟ್–3’. ಈ ಎರಡನೆಯದರ ಚಕ್ರ ಯಾವ ಅಚ್ಚಿಗೂ ತಾಗದೆ ಅಯಸ್ಕಾಂತದ ಬಲದಿಂದ ತೇಲುತ್ತ ತಿರುಗುತ್ತದೆ. ಹೊಟ್ಟೆಯ ಚರ್ಮವನ್ನು ತೂರಿ ಹೊರಬಂದ ಒಂದು ತಂತಿ ಸೊಂಟದ ಬ್ಯಾಟರಿಗೆ ಸೇರುತ್ತದೆ. ಇಂಥ ಪಂಪು ಧರಿಸಿದ ಎಷ್ಟೋ ಮಂದಿಯ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲ. ನಮ್ಮ ನಾಡಿವೈದ್ಯರು ಕೈ ಹಿಡಿದರೆ ಬೆಚ್ಚಿಬೀಳುತ್ತಾರೆ. ಚಿಕ್ಕ ಮಕ್ಕಳಿಗೆ ದೇಹದ ಹೊರಗೆ ಇರುವ ‘ಬರ್ಲಿನ್ ಹಾರ್ಟ್’ ಪಂಪಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎಲ್ಲವೂ ಸುಗಮವಾಗಿರಲಿಲ್ಲ. ಗಾತ್ರದಲ್ಲಿ ಚಿಕ್ಕದೆಂದು ಮಕ್ಕಳಿಗೂ ಅಳವಡಿಸುತ್ತಿದ್ದ ‘ಎಚ್‌ವಿಎಡಿ’ ಎಂಬ ಪಂಪನ್ನು, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದುದರಿಂದಲೂ ನಿಂತ ಪಂಪು ಮರಳಿ ತಿರುಗದ ತೊಂದರೆಯಿಂದಲೂ 2021ರ ಜೂನ್‌ನಲ್ಲಿ ಮಾರಾಟದಿಂದ ಹಿಂತೆಗೆದುಕೊಳ್ಳಲಾಯಿತು.

ಈ ಪಂಪುಗಳನ್ನು ಒಂಟಿ ಕುಕ್ಷಿಯವರಿಗೆ ಹಾಕಬಹುದೇ? ಇಲ್ಲಿ ವೈದ್ಯರು ಒಂದು ಸೂಕ್ಷ್ಮ ಭೇದ ಮಾಡುತ್ತಾರೆ. ಕುಕ್ಷಿಯೇ ಸೋತು ಹಿಂಡುವ ಶಕ್ತಿ ಕಳೆದುಕೊಂಡಿದ್ದರೆ, ಎಡಗಡೆಗೆಂದು ಮಾಡಿದ ಪಂಪನ್ನೇ ಆ ಒಂಟಿ ಕುಕ್ಷಿಗೆ ಜೋಡಿಸಿ ಕಸಿಯವರೆಗೆ ಕಾಯಿಸಬಹುದು. ಹಲವು ದೇಶಗಳಲ್ಲಿ ಹಾಗೆ ಮಾಡಿ ಫಲ ಕಂಡಿದ್ದಾರೆ. ಆದರೆ ಕುಕ್ಷಿ ಗಟ್ಟಿಯಾಗಿದ್ದು, ಎತ್ತಿಲ್ಲದ ಆ ಎರಡನೆಯ ಬಾವಿಯಲ್ಲಿಯೇ ಒತ್ತಡ ಕಟ್ಟಿಕೊಂಡಿದ್ದರೆ? ಆಗ ಬೇಕಾದುದು ಬಲಗಡೆಯ ಪಂಪು, ಸೀವೆಲ್ ಆಟಿಕೆಯಿಂದ ಮಾಡಿದಂಥದು. ಎಡಗಡೆಯ ಪಂಪುಗಳನ್ನು ಇಲ್ಲಿಗೆ ತಂದರೆ ಹೊಂದುವುದಿಲ್ಲ. ಅಭಿಧಮನಿಯ ಗೋಡೆ ತೆಳ್ಳಗಿನದು. ಬಲವಾಗಿ ಸೆಳೆದರೆ, ಹಳೆಯ ಸೈಕಲ್ ಟ್ಯೂಬಿನಂತೆ, ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಮೇಲಿನಿಂದೊಂದು, ಕೆಳಗಿನಿಂದೊಂದು ರಕ್ತನಾಳ ಬಂದು ಕೂಡಿ, ಎಡಕ್ಕೆ ಬಲಕ್ಕೆ ಎರಡಾಗಿ ಕವಲೊಡೆಯುವ ನಾಲ್ಕು ದಾರಿ ಕೂಡುವೆಡೆಯದು. ಎಲ್ಲಕ್ಕಿಂತ ಭಯದ ಮಾತೆಂದರೆ, ಪಂಪು ಅಕಸ್ಮಾತ್ ನಿಂತರೆ ಅದೇ ಬಿರಡೆಯಾಗಿ, ಇದ್ದ ಹರಿವನ್ನೂ ತಡೆಯಬಾರದು.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಮಕ್ಕಳ ಹೃದಯ ಶಸ್ತ್ರವೈದ್ಯ ಮಾರ್ಕ್ ರೋಡೆಫೆಲ್ಡ್ ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಪ್ರಮುಖರು. ತಿರುಗುವ ತಟ್ಟೆಯೊಂದು ತನ್ನ ಮೇಲಿನ ದ್ರವವನ್ನು ಅಂಚಿಗೆ ಎಸೆಯುತ್ತ ನಡುವಿನಿಂದ ಹೊಸ ದ್ರವವನ್ನು ಸೆಳೆದುಕೊಳ್ಳುತ್ತದೆ ಎಂಬುದನ್ನು 1921ರಲ್ಲಿ ಥಿಯೊಡೋರ್ ಫಾನ್ ಕಾರ್ಮಾನ್ ಎಂಬ ಗತಿಶಾಸ್ತ್ರಜ್ಞರು ಗಣಿತದಿಂದ ವಿವರಿಸಿದ್ದರು. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಸುತ್ತ ಮಜ್ಜಿಗೆ ಅಂಚಿಗೆ ಏರಿ ನಡುವೆ ಕುಳಿ ಬೀಳುವುದನ್ನು ನೋಡಿದವರಿಗೆ ಇದರ ಸುಳುಹು ಸಿಗುತ್ತದೆ. ಎರಡು ಬದಿಯಲ್ಲಿಯೂ ಉಬ್ಬಿದ ಪುಟ್ಟ ಚಕ್ರವೊಂದನ್ನು ಆ ನಾಲ್ಕು ದಾರಿ ಕೂಡುವೆಡೆಯಲ್ಲಿ ತಿರುಗಿಸಿದರೆ ಮೇಲಿನ ಕೆಳಗಿನ ರಕ್ತವನ್ನು ಸೆಳೆದು ಎಡಬಲಕ್ಕೆ ಹಂಚುತ್ತದೆ. ನಿಂತರೂ ರಕ್ತ ಅದನ್ನು ಸವರಿಕೊಂಡು ಸಾಗುತ್ತದೆ. 2010ರಲ್ಲಿ ರೋಡೆಫೆಲ್ಡ್ ತಂಡ ಈ ವಿಚಾರವನ್ನು ಪ್ರಕಟಿಸಿತು. ಇದು ಏರಿಸಬೇಕಾದ ಒತ್ತಡವಾದರೂ ಎಷ್ಟು? ಪಾದರಸದ ಎರಡರಿಂದ ಆರು ಮಿಲಿಮೀಟರ್. ಎಡಗಡೆಯ ಪಂಪು ಹೊರುವ ಭಾರದ ಮುಂದೆ ಇದು ಹೂವಿನ ಭಾರ. ಅಷ್ಟೇ ಸಾಕು, ಯಕೃತ್ತಿನ ಮೇಲಿನ ಒತ್ತಡ ಇಳಿಯಲು. ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಏಮಿ ತ್ರಾಕ್‌ಮಾರ್ಟನ್ ಎಂಬ ಇಂಜಿನಿಯರ್ ರಕ್ತನಾಳದೊಳಗೇ ಕೂರುವ ಬೇರೊಂದು ಬಗೆಯ ತಿರುಪು ಪಂಪಿನ ಮೇಲೆ ದುಡಿದಿದ್ದಾರೆ. ಇವು ಬಹುಮಟ್ಟಿಗೆ ಪ್ರಯೋಗಾಲಯದ ಮೇಜಿನ ಮೇಲೆಯೂ ಪ್ರಾಣಿಗಳಲ್ಲಿಯೂ ಪರೀಕ್ಷೆಗೊಳಗಾದವು; ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ವಸ್ತುಗಳಾಗಿಲ್ಲ. ಹೆತ್ತವರು ಯಾರದೋ ಮಾತು ಕೇಳಿ ಹೊಲ ಮಾರಿ ಓಡಬಾರದೆಂದೇ ಇದನ್ನು ಒತ್ತಿ ಬರೆಯುತ್ತಿದ್ದೇವೆ.

ನಮ್ಮ ದೇಶದ ಪ್ರಯತ್ನಗಳೂ ಇವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ನೇತೃತ್ವದಲ್ಲಿ ಮೂರು ಮಾದರಿಗಳು ಸೋತ ಮೇಲೆ ನಾಲ್ಕನೆಯ ಮಾದರಿಯ ಹೃದಯ ಕವಾಟ 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಯ ದೇಹ ಸೇರಿತು. ಅಲ್ಲಿಂದೀಚೆಗೆ ಅದು ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ದೊರೆತಿದೆ. ವಲಿಯತ್ತಾನ್ ಆಮೇಲೆ ಮಣಿಪಾಲದ ಮೊದಲ ಉಪಕುಲಪತಿಯಾಗಿ ಕನ್ನಡ ನಾಡಿನವರೇ ಆದರು. ಕಾನ್ಪುರದ ಐಐಟಿಯಲ್ಲಿ ‘ಹೃದ್ಯಂತ್ರ’ ಎಂಬ ಹೆಸರಿನಲ್ಲಿ ದೇಶೀ ಪಂಪಿನ ಕೆಲಸ ನಡೆದಿದೆ. ಚೆನ್ನೈ, ಬೆಂಗಳೂರುಗಳಲ್ಲಿ ವಿದೇಶೀ ಪಂಪುಗಳನ್ನು ಜೋಡಿಸಿದ್ದಾರೆ; ಬೆಲೆ ಮಾತ್ರ ಕಡಲೆಕಾಯಿ ಬೆಳೆಯುವ ಕುಟುಂಬದ ಕನಸಿಗೂ ಮೀರಿದ್ದು. ಬೆಲೆ ಇಳಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಬೋರ್‌ವೆಲ್ ಮೋಟಾರಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ಕಾದು ಕೂರುವ ಊರಿನಲ್ಲಿ, ಎದೆಯೊಳಗಿನ ಮೋಟಾರಿಗೆ ಬ್ಯಾಟರಿ ತುಂಬಿಸುವುದನ್ನು ಯಾರ ಭರವಸೆಗೆ ಬಿಡುವುದು? ಇಂಥ ಸಾಧನ ರೂಪಿಸುವವರು ನಮ್ಮ ಹಳ್ಳಿಗಳನ್ನೂ ಒಮ್ಮೆ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಈ ವಿಷಯವನ್ನು ನಾವು ಆರಿಸಿಕೊಂಡ ಕಾರಣವನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳ ತಾಯಿ, ಎದೆಯ ಮೇಲಿನ ಗಾಯದ ಗುರುತನ್ನು ತೋರಿಸಿ, “ಮೇಡಂನೋರೇ, ಮಗೂನ ಓಡಿಸಬ್ಯಾಡ್ರಿ, ಆದ್ರೆ ಮೂಲ್ಯಾಗೂ ಕೂಡ್ರಿಸಬ್ಯಾಡ್ರಿ” ಎಂದು ಹೇಳಿ ಹೋದರು. ವೈದ್ಯರ ಪುಸ್ತಕಗಳನ್ನು ಓದಿದ ಮೇಲೆ ನಮಗೆ ತಿಳಿದದ್ದೇನೆಂದರೆ, ಆ ತಾಯಿಯ ಎರಡು ವಾಕ್ಯಗಳೇ ಸರಿಯಾದ ಚಿಕಿತ್ಸೆ. ಫೊಂಟಾನ್ ಜೋಡಣೆಯ ಮಕ್ಕಳಿಗೆ ನಡಿಗೆ ಒಳ್ಳೆಯದು. ಕಾಲಿನ ಸ್ನಾಯುಗಳೇ ಅವರ ಎರಡನೆಯ ಎತ್ತು. ದಣಿವೆನಿಸಿದಾಗ ಕುಳಿತುಕೊಳ್ಳಲು ಅನುಮತಿ ಕೇಳುವ ಅಗತ್ಯ ಅವರಿಗೆ ಇರಬಾರದು. ನಮ್ಮ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ದೇಹದ ನೀರು ಬತ್ತಿದರೆ ಅವರ ರಕ್ತದ ಹರಿವೇ ಕುಗ್ಗುತ್ತದೆ. ಆದ್ದರಿಂದ ನೀರಿನ ಬಾಟಲಿ ಅವರ ಬೆಂಚಿನ ಮೇಲೆಯೇ ಇರಬೇಕು, ಪ್ರಾರ್ಥನೆಯ ಸಾಲಿನಲ್ಲಿ ಅವರಿಗೆ ನೆರಳಿನ ಜಾಗ ಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ಅಂಥವರು ಆಟದಲ್ಲಿ ಬಿದ್ದು ತಲೆಗೆ ಪೆಟ್ಟಾದರೆ ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲು, ಹೊಟ್ಟೆ ಊದಿದಂತೆ ಕಂಡರೆ, ಕಳೆದ ವರ್ಷ ಹತ್ತುತ್ತಿದ್ದ ಮೆಟ್ಟಿಲನ್ನು ಈ ವರ್ಷ ನಡುವೆ ನಿಂತು ಹತ್ತುತ್ತಿದ್ದರೆ, ಮನೆಯವರಿಗೆ ಹೇಳಬೇಕು. ಮನೆಯವರಿಗಿಂತ ಮೊದಲು ಅದನ್ನು ಗಮನಿಸುವವರು ಅನೇಕ ವೇಳೆ ತರಗತಿಯ ಉಪಾಧ್ಯಾಯರೇ.

ಆ ಹುಡುಗಿ ಈಗ ಕಾಲೇಜು ಮೆಟ್ಟಿಲೇರಿದ್ದಾಳೆ. ವರ್ಷಕ್ಕೊಮ್ಮೆ ಬೆಂಗಳೂರಿಗೆ ತಪಾಸಣೆಗೆ ಹೋಗಿಬರುತ್ತಾಳೆ. ಈ ಶೈಕ್ಷಣಿಕ ವರ್ಷದಿಂದ ನಮ್ಮ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನಾಂಕ, ಮಾತೃಭಾಷೆಗಳ ಪಕ್ಕದಲ್ಲಿ ಆರೋಗ್ಯದ ಒಂದು ಕಾಲಂ ಸೇರಿಸಿದ್ದೇವೆ. ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದಲ್ಲಿ ಯಾವ ಆಸ್ಪತ್ರೆಯಲ್ಲಿ, ಯಾವ ವರ್ಷ, ಈಗ ಯಾವ ಮಾತ್ರೆ, ತುರ್ತಿಗೆ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಅದರಲ್ಲಿ ಬರೆದುಕೊಳ್ಳುತ್ತೇವೆ. ಪೋಷಕರು ಬಿಡುಗಡೆ ಪತ್ರದ ಜೆರಾಕ್ಸ್ ಪ್ರತಿಯೊಂದನ್ನು ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.